ಆಟಗಾರರ ಸಂಬಳಕ್ಕೆ ದೇಣಿಗೆ ಕೊಡಬೇಕಾ?

ಪ್ರಶ್ನೆ: ಅಮೆರಿಕದ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡಿದೆ. ಈಗ ಡಲ್ಲಾಸ್‌ನಲ್ಲಿ ಕೆಲಸ. ಬಾಸ್ಕೆಟ್‌ಬಾಲ್ ಆಟಗಾರರಿಗೆ ಹಣ ಕೊಡಲು ದೇಣಿಗೆ ಬೇಕು ಅಂತ ಕಾಲೇಜಿನಿಂದ ಫೋನ್ ಬರುತ್ತಿದೆ. ಟಿವಿ ಹಕ್ಕಿನಿಂದ ಇವರಿಗೆ ಕೋಟಿಗಟ್ಟಲೆ ಬರುತ್ತೆ ಅಲ್ವಾ, ನಾವ್ಯಾಕೆ ಕೊಡಬೇಕು?

ಉತ್ತರ: ಕೋಟಿಗಟ್ಟಲೆ ಬರೋದು ದೊಡ್ಡ ಫುಟ್‌ಬಾಲ್ ಕಾಲೇಜುಗಳಿಗೆ. ನಿಮ್ಮ ಕಾಲೇಜಿಗಲ್ಲ.

ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲೆ ಆಟಗಾರರು ಹೂಡಿದ್ದ 'ಹೌಸ್' ಮೊಕದ್ದಮೆಯ ರಾಜಿಗೆ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿತು. ಆ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಅಷ್ಟು ಕೊಡಲೇಬೇಕು ಅಂತೇನಿಲ್ಲ, ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಅಷ್ಟೇ. ಆ ಲೆಕ್ಕ ಹಾಕಿದ್ದೂ ದೊಡ್ಡ ಕಾಲೇಜುಗಳ ಆದಾಯ ನೋಡಿ. ಸಣ್ಣ ಕಡೆ ಕ್ರೀಡಾ ವಿಭಾಗ ನಡೆಯೋದೇ ಬಹುಪಾಲು ವಿದ್ಯಾರ್ಥಿಗಳ ಶುಲ್ಕ ಮತ್ತು ಯೂನಿವರ್ಸಿಟಿಯ ಬೊಕ್ಕಸದಿಂದ. ಹಂಚೋಕೆ ಲಾಭ ಎಲ್ಲಿಂದ ಬರಬೇಕು? ಹಾಗಾಗಿ ನಿಮಗೆ ಫೋನ್.

ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಯೂನಿವರ್ಸಿಟಿ ನೋಡಿ. 2025ರ ಮಾರ್ಚ್‌ನಲ್ಲಿ ಅವರ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗಿ, ಅಲಬಾಮಾ ಸ್ಟೇಟ್ ಎದುರು ಎರಡೇ ಅಂಕದಿಂದ ಸೋತಿತು. ಒಂದು ವಾರಕ್ಕೆ ಕಾಲೇಜು, ನಾವು ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1 ಬಿಟ್ಟು ಕೆಳಗಿನ ಡಿವಿಷನ್ 3ಕ್ಕೆ ಇಳಿಯುತ್ತೇವೆ ಎಂದಿತು. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೂ ಇಲ್ಲ. ಸೋತು ಸುಣ್ಣವಾಗಿ ಹೋದ ತಂಡವಲ್ಲ ಅದು!

ಹಾಗಂತ ಸಣ್ಣವರೆಲ್ಲ ಕೈಚೆಲ್ಲಬೇಕಿಲ್ಲ. ಫುಟ್‌ಬಾಲ್ ಹೊರೆ ಇಲ್ಲದ ಗೊಂಜಾಗದಂಥ ಕಾಲೇಜು ಇರೋ ದುಡ್ಡನ್ನೆಲ್ಲ ಬಾಸ್ಕೆಟ್‌ಬಾಲ್‌ಗೇ ಸುರಿಯಬಹುದು. ತಂಡದಲ್ಲಿ ಹದಿನೈದೇ ಜನ. ಅಂಥ ಕಡೆ ದಾನಿಯ ದುಡ್ಡಿಗೆ ನಿಜಕ್ಕೂ ಬೆಲೆ ಇದೆ. ಆದರೆ ಈಗಿನ ನಿಯಮದಲ್ಲಿ ಆಟಗಾರ ವರ್ಷ ಮುಗೀತಿದ್ದ ಹಾಗೆ ಬೇರೆ ಕಾಲೇಜಿಗೆ ಹಾರಬಹುದು. ನೀವು ಸಾಕಿದ ಹುಡುಗನನ್ನು ದೊಡ್ಡವರು ಎತ್ತಿಕೊಂಡು ಹೋಗೋದು ಮಾಮೂಲು. ಮುಂದಿನ ವರ್ಷ ಮತ್ತೆ ಅದೇ ಫೋನ್.

ನನ್ನನ್ನು ಕೇಳಿದರೆ, ಸಂಬಳದ ನಿಧಿಗಿಂತ ಸ್ಕಾಲರ್‌ಶಿಪ್ಪಿಗೋ ಟ್ರ್ಯಾಕ್, ಈಜಿನಂಥ ಆಟಕ್ಕೋ ಕೊಡಿ. ದುಡ್ಡು ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಅಂಥವಕ್ಕೇ. ಯಾವುದಕ್ಕೆ ಕೊಡುತ್ತಿದ್ದೀರಿ ಅಂತ ಬರಹದಲ್ಲೇ ಹಾಕಿಸಿ. ಸುಮ್ನೆ 'ಕ್ರೀಡಾ ನಿಧಿ' ಅಂತ ಕೊಟ್ಟರೆ ಅವರಿಗೆ ಬೇಕಾದ ಕಡೆ ಹೋಗುತ್ತೆ.

ತೆರಿಗೆ ವಿಷಯ ಒಂದಿದೆ. ಯೂನಿವರ್ಸಿಟಿಗೇ ಕೊಟ್ಟ ದೇಣಿಗೆಗೆ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತೆ. ಒಳ್ಳೆ ಸೀಟಿನ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ಕೊಟ್ಟಿದ್ದಕ್ಕೆ 2018ರಿಂದ ಇಲ್ಲ. ಆಟಗಾರರಿಗೆ ದುಡ್ಡು ಕೊಡೋಕೆ ಅಭಿಮಾನಿಗಳು ಕಟ್ಟಿಕೊಂಡ 'ಕಲೆಕ್ಟಿವ್' ಎಂಬ ಗುಂಪಿನ ಹೆಸರಲ್ಲಿ ಕೇಳಿದರೆ ಹುಷಾರು: ಇವುಗಳಲ್ಲಿ ಹಲವು ಧರ್ಮಸಂಸ್ಥೆ ಅನ್ನಿಸಿಕೊಳ್ಳೋಕೆ ಅರ್ಹವಲ್ಲ ಅಂತ ಅಲ್ಲಿನ ತೆರಿಗೆ ಇಲಾಖೆಯ ವಕೀಲರೇ 2023ರಲ್ಲಿ ಬರೆದಿದ್ದಾರೆ. ಚೆಕ್ ಯಾರ ಹೆಸರಿಗೆ ಅಂತ ಮೊದಲು ಕೇಳಿ.