ಯೂಕ್ಲಿಡಿಯನ್‌ನಲ್ಲಿ ಎಲ್ಲವೂ ಮೆಷಿನ್ ಥರ ಕೇಳ್ತಿದೆಯಾ?

ಏಬಲ್ಟನ್ ಲೈವ್ 12 ಅನ್ನೋ ಸಂಗೀತ ಸಾಫ್ಟ್‌ವೇರ್‌ನಲ್ಲಿ ತಾನೇ ತಾಳ ಹೆಣೆಯುವ ಯೂಕ್ಲಿಡಿಯನ್ ಜನರೇಟರ್‌ನಲ್ಲಿ ಏನೇ ಮಾಡಿದರೂ ಎರಡು ಬಾರ್ (ಆವರ್ತ) ಆದಮೇಲೆ ಬೋರ್ ಹೊಡೆಯುತ್ತೆ ಅಂದಿರಿ. ನೀವು ಎಲ್ಲಾ ವಾದ್ಯಕ್ಕೂ 16 ಸ್ಟೆಪ್ಪೇ (ಬಾರ್‌ನ ಹದಿನಾರನೇ ಒಂದು ಭಾಗ ಒಂದು ಸ್ಟೆಪ್) ಇಟ್ಟಿರಬೇಕು, ಅಲ್ವಾ? ನಾನೂ ಮೊದಲು ಅದೇ ಮಾಡುತ್ತಿದ್ದೆ.

ಕಿಕ್ (ದಪ್ಪ ಡ್ರಮ್) ಮಾತ್ರ 16ರಲ್ಲಿ ಬಿಡಿ. ಹೈ ಹ್ಯಾಟ್‌ಗೆ ಬೇರೆ ಟ್ರ್ಯಾಕ್, ಬೇರೆ ಕ್ಲಿಪ್ ಮಾಡಿ. ಅದರ ಲೂಪ್ ಉದ್ದ 0.1.3 ಇಡಿ, ಅಂದರೆ ಸೊನ್ನೆ ಬಾರ್, ಒಂದು ಬೀಟ್ (ನಾಲ್ಕು ಸ್ಟೆಪ್), ಮೇಲೆ ಮೂರು ಸ್ಟೆಪ್, ಒಟ್ಟು ಏಳು. ಈಗ ಎರಡೂ ಒಟ್ಟಿಗೆ ಸಮಕ್ಕೆ ಬರುವುದು 112 ಸ್ಟೆಪ್ ಆದಮೇಲೆ, ಪೂರ್ತಿ ಏಳು ಬಾರ್! ಅಲ್ಲಿಯವರೆಗೆ ಹ್ಯಾಟ್ ಪ್ರತಿ ಬಾರ್‌ನಲ್ಲೂ ಬೇರೆ ಜಾಗದಲ್ಲಿ ಬೀಳುತ್ತದೆ.

ಆ ಏಳರಲ್ಲಿ ಎಷ್ಟು ಪೆಟ್ಟು? ಮೂರು ಹಾಕಿ. ಸಾಫ್ಟ್‌ವೇರ್ ಪೆಟ್ಟುಗಳ ನಡುವಿನ ಸ್ಟೆಪ್‌ಗಳನ್ನು ಸಾಮಾನ್ಯವಾಗಿ 2+2+3 ಅಂತ ಹಂಚುತ್ತದೆ. ಅದನ್ನು 3+2+2 ಆಗುವವರೆಗೆ ತಿರುಗಿಸಿ, ಬಾಯಲ್ಲಿ ‘ತಕಿಟ ತಕ ಧಿಮಿ’ ಹೇಳಿ ನೋಡಿ. ನಮ್ಮ ಮಿಶ್ರಚಾಪು ತಾಳ! ಅಲ್ಗಾರಿದಮ್‌ಗೆ ಚಾಪು ಗೊತ್ತಿಲ್ಲ ಪಾಪ, ಪೆಟ್ಟುಗಳನ್ನು ಆದಷ್ಟು ಸಮನಾಗಿ ಹರಡುತ್ತೆ ಅಷ್ಟೇ. ಎಂಟರಲ್ಲಿ ಮೂರು ಹಾಕಿದರೆ ಕ್ಯೂಬಾದ ಟ್ರೆಸಿಲ್ಲೊ ತಾಳ (3+3+2) ಬರುತ್ತದೆ. ಲೋಕದ ಎಷ್ಟೋ ಜನಪದ ತಾಳಗಳು ಹೀಗೇ ಸಿಗುತ್ತವೆ ಅಂತ ಕಂಪ್ಯೂಟರ್ ವಿಜ್ಞಾನಿ ಗಾಡ್‌ಫ್ರೀಡ್ ಟೂಸೆಂಟ್ 2005ರಲ್ಲೇ ತೋರಿಸಿದ್ದರು.

ವೆಲಾಸಿಟಿ (ಪೆಟ್ಟಿನ ಜೋರು) ಮಾತ್ರ ಕೈಯಾರೆ ಸರಿಮಾಡಿ. ಮೊದಲ ಪೆಟ್ಟು 105, ಉಳಿದವು 60ರ ಆಸುಪಾಸು. ಸುಮ್ನೆ ರ‍್ಯಾಂಡಮ್ ಒತ್ತಿದರೆ ಒತ್ತು ಎಲ್ಲಿ ಅಂತಲೇ ತಿಳಿಯಲ್ಲ. ಇನ್ನೂ ಯಾಂತ್ರಿಕ ಅನಿಸಿದರೆ ಕ್ಲಿಪ್‌ನ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.