ಪಿತ್ತಕೋಶದ ಕ್ಯಾನ್ಸರ್ ದಕ್ಷಿಣದವರಿಗೆ ಬರುವುದಿಲ್ಲವೇ?

ತಾಯಿಯವರು ಪಿತ್ತಕೋಶದ ಕ್ಯಾನ್ಸರಿನಿಂದ ತೀರಿಕೊಂಡರೆಂದೂ, ಇದು ಉತ್ತರ ಭಾರತದವರ ಕಾಯಿಲೆ, ಹಾಸನದವರಾದ ನೀವು ಹೆದರಬೇಕಿಲ್ಲವೆಂದು ನೆಂಟರು ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು, ವೈದ್ಯನಲ್ಲ; ಆದರೆ ನನ್ನ ಸೋದರತ್ತೆಯೂ ಇದರಿಂದಲೇ ಹೋದರು, ಅಂದಿನಿಂದ ಈ ವಿಷಯವನ್ನು ಓದಿಕೊಂಡು ಬಂದಿದ್ದೇನೆ.

ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಉತ್ತರ ಪ್ರದೇಶ, ಬಿಹಾರಗಳ ಗಂಗಾ ಬಯಲಿನಲ್ಲಿ ಮತ್ತು ಅಸ್ಸಾಮಿನಲ್ಲಿ ಈ ಕ್ಯಾನ್ಸರ್ ದಕ್ಷಿಣಕ್ಕಿಂತ ಹಲವು ಪಟ್ಟು ಹೆಚ್ಚು, ಅದರಲ್ಲೂ ಹೆಂಗಸರಲ್ಲಿ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿಯೂ ಹಾಗೆಯೇ; ಅಲ್ಲಿ ಮಾಪುಚೆ ಮೂಲನಿವಾಸಿಗಳ ವಂಶದ ಪಾಲು ಶೇ 1ರಷ್ಟು ಹೆಚ್ಚಿದಂತೆ ಇದರಿಂದಾಗುವ ಸಾವಿನ ಅಪಾಯ ಶೇ 3.7ರಷ್ಟು ಏರುತ್ತದೆಂದು 2017ರ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಭಾರತೀಯ ರೋಗಿಗಳಲ್ಲಿ ಎಬಿಸಿಬಿ1 ಮತ್ತು ಎಬಿಸಿಬಿ4 ಎಂಬ ಜೀನ್‌ಗಳಿರುವ ಭಾಗಕ್ಕೂ ಈ ಕ್ಯಾನ್ಸರಿಗೂ ನಂಟಿರುವುದನ್ನು ಪ್ರಕಟಿಸಿದರು. ಇವುಗಳಲ್ಲಿ ಎರಡನೆಯದು ಪಿತ್ತರಸಕ್ಕೆ ಒಂದು ಬಗೆಯ ಕೊಬ್ಬನ್ನು ಸೇರಿಸುತ್ತದೆ. ಆ ಕೊಬ್ಬು ಸಾಕಷ್ಟಿದ್ದರೆ ಕೊಲೆಸ್ಟರಾಲ್ ಕರಗಿದ ಸ್ಥಿತಿಯಲ್ಲೇ ಇರುತ್ತದೆ, ಕಡಿಮೆಯಾದರೆ ಹರಳುಗಟ್ಟಿ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ; ಕಲ್ಲಿದ್ದವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚು. ಅಂದರೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದು ಹಲವು ಸಲ ಕ್ಯಾನ್ಸರ್ ಅಲ್ಲ, ಕಲ್ಲು ಕಟ್ಟುವ ಗುಣ.

ಆ ಗುಣವೂ ಪೂರ್ತಿ ರಕ್ತದ್ದಲ್ಲ. ಸ್ವೀಡನ್ನಿನಲ್ಲಿ 43,141 ಅವಳಿ ಜೋಡಿಗಳನ್ನು ಪರಿಶೀಲಿಸಿದಾಗ, ತೊಂದರೆ ಕೊಡುವ ಪಿತ್ತಕೋಶದ ಕಲ್ಲಿನಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 25 ಎಂದು ಕಂಡುಬಂದಿತು. ಟೈಫಾಯ್ಡ್ ರೋಗಾಣು ಪಿತ್ತಕೋಶದಲ್ಲಿ ವರ್ಷಗಟ್ಟಲೆ ಬೀಡುಬಿಡುವುದು, ಅಂತರ್ಜಲದ ಆರ್ಸೆನಿಕ್, ಕಲಬೆರಕೆ ಸಾಸಿವೆ ಎಣ್ಣೆ, ಇವೆಲ್ಲದರ ಮೇಲೂ ಗಂಗಾ ಬಯಲಿನಲ್ಲಿ ಸಂಶೋಧಕರ ಕಣ್ಣಿದೆ. ಇಲ್ಲಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಹೆಣ್ಣುಮಗಳೊಬ್ಬಳು ಹೊಟ್ಟೆಯ ಬಲಮೇಲ್ಭಾಗ ನೋಯುತ್ತದೆಂದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಆದರೆ ಒಂದು ಪ್ರದೇಶದ ಸರಾಸರಿ ನಿಮ್ಮ ಮನೆಯ ಚರಿತ್ರೆಯನ್ನು ಅಳಿಸುವುದಿಲ್ಲ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ, ಯಾವ ಸೀಮೆಯವರಾದರೂ ಅಪಾಯ ಹೆಚ್ಚುತ್ತದೆ. ನಮ್ಮ ಅತ್ತೆ ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಕಣ್ಣು ಹಳದಿಯಾದಾಗ ಕಾಮಾಲೆಯೆಂದುಕೊಂಡು ನಾವೇ ದಿನಾ ಬೆಳಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟೆವು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ಆ ಮಜ್ಜಿಗೆಯ ಲೋಟ ಇಂದಿಗೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ದಯವಿಟ್ಟು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಹೋಗಿ. ತಿಂಡಿ ತಿಂದರೆ ಪಿತ್ತಕೋಶ ಕುಗ್ಗಿ ಸರಿಯಾಗಿ ಕಾಣುವುದಿಲ್ಲ. ಕಲ್ಲು ಕಂಡರೆ ಗಾಬರಿ ಬೇಡ, ಕಲ್ಲಿರುವ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಕಲ್ಲು 3 ಸೆಂಟಿಮೀಟರ್ ಮೀರಿದ್ದರೆ, 1 ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್ (ಒಳಗೋಡೆಯಿಂದ ಚಾಚಿಕೊಂಡ ಸಣ್ಣ ಬೆಳವಣಿಗೆ) ಇದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ತಾಯಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತೆಂಬುದನ್ನು, ವೈದ್ಯರು ಕೇಳದಿದ್ದರೂ, ನೀವಾಗಿಯೇ ಹೇಳಿ. ಅಕ್ಕತಂಗಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.