ಅಮ್ಮ ದಾವಣಗೆರೆಯಲ್ಲಿ ಒಬ್ಬರೇ, ನಾವು ಬೆಂಗಳೂರಿನಲ್ಲಿ. ಮನೆಯಲ್ಲೇ ಯಾರನ್ನಾದರೂ ಇಡುವುದಾ, ವೃದ್ಧಾಶ್ರಮಕ್ಕೆ ಸೇರಿಸುವುದಾ?

ಮೊದಲು ಅಮ್ಮನನ್ನೇ ಕೇಳಿ. ಆಮೇಲೆ ನಾಲ್ಕು ದಿನ ಜೊತೆಗಿದ್ದು ನೋಡಿ. ಸ್ನಾನ, ಶೌಚ, ಮಾತ್ರೆ, ಗ್ಯಾಸ್ ಆರಿಸುವುದು ಎಲ್ಲ ಅವರಿಗೇ ಆಗುತ್ತಿದ್ದರೆ ಮನೆ ಬಿಡಿಸಬೇಡಿ. ಪಾರ್ಕಿನ ಗೆಳತಿಯರು, ಗುರುತಿನ ಹಾಲಿನವರು ಬೇರೆ ಕಡೆ ದುಡ್ಡು ಕೊಟ್ಟರೂ ಸಿಗಲ್ಲ. ರೊಟ್ಟಿ ಮಾಡಿಕೊಡಲು ಒಬ್ಬರು, ರಾತ್ರಿ ಮಲಗಲು ಒಬ್ಬರು, ಬಚ್ಚಲಿನಲ್ಲಿ ಗೋಡೆಗೆ ಹಿಡಿಕೆ. ಸದ್ಯಕ್ಕೆ ಸಾಕು.

ಹಾಸಿಗೆ ಹಿಡಿದಿದ್ದರೆ, ಮರೆವಿನ ಕಾಯಿಲೆ ಜಾಸ್ತಿಯಾಗಿದ್ದರೆ ಮಾತೇ ಬೇರೆ. ಆಗ ಹಗಲೂ ರಾತ್ರಿ ನರ್ಸ್ ಇರುವ ಜಾಗ ಬೇಕು. ಎಷ್ಟೋ ವೃದ್ಧಾಶ್ರಮಗಳು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ, ಮೊದಲೇ ವಿಚಾರಿಸಿ. ಊಟದ ಹೊತ್ತಿಗೆ, ಹೇಳದೆ ಹೋಗಿ. ಬಚ್ಚಲ ನೆಲ ಒಣಗಿದೆಯಾ? ಮಾತ್ರೆ ಡಬ್ಬಿಗಳ ಮೇಲೆ ಹೆಸರಿದೆಯಾ? ಗಂಜಿ ಕುಡಿಸುವವರು ಅವಸರ ಮಾಡುತ್ತಾರಾ? ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಅಂತಲೂ ಕೇಳಿ. ಒಂದು ತಿಂಗಳು ಇದ್ದು ನೋಡಲಿ, ಅಲ್ಲಿವರೆಗೆ ಮನೆ ಬಾಡಿಗೆಗೆ ಕೊಡಬೇಡಿ.

ಅಮ್ಮ ಯಾರಿಗಾದರೂ ಮನೆ ಬರೆದುಕೊಡುವುದಾದರೆ, ನೋಡಿಕೊಳ್ಳಬೇಕು ಎಂಬ ಷರತ್ತು ದಾನಪತ್ರದಲ್ಲೇ ಇರಲಿ. ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಕಚೇರಿಗೆ. ಹಿರಿಯರ ಸಹಾಯವಾಣಿ 14567.